ಬಾವಿಯ ರಾಟೆ: ಹಗ್ಗ ಯಾರ ಕೈಲಿತ್ತು?

ನಿಮ್ಮೂರಲ್ಲಿ ಹಳೆಯ ಸೇದೋ ಬಾವಿ ಇನ್ನೂ ಉಳಿದಿದ್ದರೆ ಒಮ್ಮೆ ಹೋಗಿ ಅದರ ಕಟ್ಟೆ ಕಲ್ಲನ್ನು ಮುಟ್ಟಿ ನೋಡಿ. ಎಷ್ಟೋ ಬಾವಿಗಳ ಅಂಚಿನಲ್ಲಿ ಬೆರಳು ಹಿಡಿಸುವಷ್ಟು ಆಳದ ಗೀರುಗಳಿವೆ. ಅವು ಉಳಿಯಿಂದ ಕೊರೆದದ್ದಲ್ಲ, ಹಗ್ಗ ಉಜ್ಜಿ ಉಜ್ಜಿ ಬಿದ್ದ ಗುರುತು. ಕಲ್ಲೇ ಇಷ್ಟು ಸವೆದಿದೆ ಅಂದಮೇಲೆ ಆ ಹಗ್ಗ ಎಳೆದ ಹೆಂಗಸರ ಅಂಗೈ, ಸೊಂಟ ಏನಾಗಿರಬೇಡ?

ಆ ಕಷ್ಟವನ್ನು ಕಡಿಮೆ ಮಾಡಿದ್ದು ರಾಟೆ. ಕೆಲವು ಕಡೆ ಗಡಗಡೆ ಅಂತಾರೆ, ಶಾಲೆ ಮಕ್ಕಳು ಪುಲ್ಲಿ ಅಂತಾರೆ. ನೂಲು ತೆಗೆಯುವ ಚರಕಕ್ಕೂ ನಮ್ಮಲ್ಲಿ ರಾಟೆ ಅಂತಲೇ ಹೆಸರು.

ರಾಟೆ ಮಾಡುವ ಕೆಲಸ

ಒಂದೇ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ. 10 ಕಿಲೋ ತೂಕದ ಕೊಡ ಮೇಲೆ ಬರಲು 10 ಕಿಲೋಗಿಂತ ತುಸು ಹೆಚ್ಚೇ ಎಳೆಯಬೇಕು. ಆದರೆ ಎಳೆಯುವ ದಿಕ್ಕು ಬದಲಾಗುತ್ತದೆ. ಬಾವಿಗೆ ಬಗ್ಗಿ ಮೇಲಕ್ಕೆ ಎತ್ತುವ ಬದಲು ನೆಟ್ಟಗೆ ನಿಂತು ಕೆಳಕ್ಕೆ ಜಗ್ಗಬಹುದು. ನಮ್ಮ ಮೈಭಾರವೇ ನಮಗೆ ಸಹಾಯ ಮಾಡುತ್ತದೆ. ಹಗ್ಗ ಕಲ್ಲಿಗೆ ಉಜ್ಜುವುದೂ ತಪ್ಪುತ್ತದೆ. ಭಾರದ ಜೊತೆಗೇ ಮೇಲೇರುವ ಇನ್ನೊಂದು ರಾಟೆ ಸೇರಿಸಿದರೆ ಅರ್ಧ ಬಲ ಸಾಕು, ಆದರೆ ಎರಡರಷ್ಟು ಹಗ್ಗ ಎಳೆಯಬೇಕು. ಹೀಗೆ ಹಲವು ರಾಟೆ ಜೋಡಿಸಿ ಗ್ರೀಕರ ಆರ್ಕಿಮಿಡಿಸ್ ತುಂಬಿದ ಹಡಗನ್ನು ಒಬ್ಬನೇ ಕೂತು ಎಳೆದ ಅಂತ ಪ್ಲೂಟಾರ್ಕ್ ಬರೆದಿದ್ದಾನೆ.

ರಾಟೆ ಅದಕ್ಕಿಂತಲೂ ಹಳೆಯದು. ಇರಾಕಿನ ನಿಮ್ರುದ್‌ನಲ್ಲಿ ಸಿಕ್ಕ, ಸುಮಾರು 2,850 ವರ್ಷ ಹಿಂದಿನ ಅಸ್ಸೀರಿಯರ ಕಲ್ಲಿನ ಕೆತ್ತನೆಯೊಂದರಲ್ಲಿ ಕೋಟೆಗೆ ಮುತ್ತಿಗೆ ಬಿದ್ದಿದೆ. ರಾಟೆಯ ಹಗ್ಗಕ್ಕೆ ನೀರಿನ ಪಾತ್ರೆ ನೇತಾಡುತ್ತಿದೆ. ಸೈನಿಕನೊಬ್ಬ ಆ ಹಗ್ಗವನ್ನೇ ಕತ್ತರಿಸುತ್ತಿದ್ದಾನೆ. ಹಗ್ಗ ಯಾರ ಕೈಲಿದೆಯೋ ನೀರು ಅವರದು ಅನ್ನುವುದು ಆಗಲೇ ಗೊತ್ತಿತ್ತು.

ಕಪಿಲೆಯ ಕಾಲ

ಪಂಪ್‌ಸೆಟ್ ಬರುವ ಮೊದಲು ಹಳೇ ಮೈಸೂರು ಸೀಮೆಯ ಬಾವಿ ಬೇಸಾಯ ನಡೆದದ್ದು ಕಪಿಲೆಯಿಂದ. ಬಾವಿಯ ಮೇಲೆ ಮರದ ಕಂಬ, ಅದಕ್ಕೆ ದೊಡ್ಡ ರಾಟೆ, ಕೆಳಗೆ ಅಂಚಿನಲ್ಲಿ ಒಂದು ಉರುಳೆ. ದಪ್ಪ ಹಗ್ಗ ಚರ್ಮದ ಬಾನಿಯ ಬಾಯಿಗೆ, ಸಣ್ಣ ಹಗ್ಗ ಅದರ ಬಾಲಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಬಾನಿ ಮೇಲೇರುತ್ತಿತ್ತು. ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ. ಬಾನಿ ಮೇಲೆ ಬಂದ ಕೂಡಲೇ ಬಾಲ ಬಿಚ್ಚಿಕೊಂಡು ನೀರು ತಾನಾಗಿ ತೊಟ್ಟಿಗೆ ಸುರಿಯುತ್ತಿತ್ತು. ಆಮೇಲೆ ಎತ್ತುಗಳು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೇಲಕ್ಕೆ. ಬೆಳಗಿನ ಜಾವದಿಂದ ಇದೇ ಕೆಲಸ. ಬೇಸರ ಕಳೆಯಲು ಕಪಿಲೆ ಹಾಡುಗಳು.

ಇಲ್ಲೊಂದು ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆ ಚರ್ಮದ ಬಾನಿಯನ್ನು ಹದ ಮಾಡಿ ಹೊಲಿದುಕೊಟ್ಟವರು ಚರ್ಮದ ಕೆಲಸದ ಜಾತಿಯವರು. ಅವರ ಕೈಯ ಬಾನಿಯಿಂದ ಮೇಲೆ ಬಂದ ನೀರಲ್ಲಿ ಊರಿನ ಬೆಳೆ ಬೆಳೆಯಿತು. ಆದರೆ ಅನೇಕ ಊರುಗಳಲ್ಲಿ ಅದೇ ಜನ ಕುಡಿಯುವ ನೀರಿನ ಬಾವಿಯ ರಾಟೆ ಮುಟ್ಟುವಂತಿರಲಿಲ್ಲ. ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಮೇಲಿಂದ ಸುರಿಯಲಿ ಅಂತ ದೂರದಲ್ಲಿ ಕಾಯಬೇಕಿತ್ತು. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಹೆಸರು ಹೇಳಿಯೇ ಬರೆದದ್ದು ಇದಕ್ಕೇ. 1955ರ ಕಾಯ್ದೆ ಇಂಥ ತಡೆಯನ್ನು ಶಿಕ್ಷೆಗೆ ಗುರಿಯಾಗುವ ಅಪರಾಧ ಮಾಡಿತು.

ರಾಟೆ ಎಲ್ಲಿಗೆ ಹೋಯಿತು?

ಕೋಲಾರದ ಚಿನ್ನದ ಗಣಿಗೂ ರಾಟೆಯೇ ಬಾಗಿಲು. 3 ಕಿಲೋಮೀಟರಿಗಿಂತ ಆಳಕ್ಕೆ ಕಾರ್ಮಿಕರನ್ನು ಇಳಿಸಿ, ಅದಿರನ್ನು ಮೇಲೆ ತಂದದ್ದು ಎತ್ತರದ ಕಬ್ಬಿಣದ ಗೋಪುರಗಳ ಮೇಲಿನ ದೊಡ್ಡ ರಾಟೆಗಳು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂದದ್ದು ಆ ಗಣಿಗಳಿಗಾಗಿ. 2001ರಲ್ಲಿ ಗಣಿ ಮುಚ್ಚಿತು.

ನಮ್ಮ ಹೊಲಗಳಲ್ಲಿ ಪಂಪ್‌ಸೆಟ್ ಬಂತು, ಕಪಿಲೆ ನಿಂತಿತು. ಬಾವಿ ಬತ್ತಿತು, ಬೋರ್‌ವೆಲ್ ಬಂತು. ಆದರೂ ರಾಟೆ ನಮ್ಮನ್ನು ಬಿಟ್ಟಿಲ್ಲ. ಮೋಟಾರ್ ಕೆಟ್ಟ ದಿನ ಬೋರ್‌ವೆಲ್ ಪೈಪು ಎತ್ತಲು ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟುವುದು ಅದನ್ನೇ. ಆಗಸ್ಟ್ 15ರಂದು ಶಾಲೆಯ ಬಾವುಟ ಮೇಲೇರುವುದೂ ಕಂಬದ ತುದಿಯ ಪುಟ್ಟ ರಾಟೆಯ ಮೇಲೆ.

ಈಗ ನೀರು ನಲ್ಲಿಯಲ್ಲಿ ಬರುತ್ತದೆ. ಜಗ್ಗುವ ಹಗ್ಗ ಇಲ್ಲ, ತಿರುಗಿಸುವ ವಾಲ್ವ್ ಇದೆ. ನಿಮ್ಮೂರಲ್ಲಿ ಯಾವ ಕೇರಿಗೆ ಮೊದಲು ನೀರು ಬಿಡುತ್ತಾರೆ, ಯಾವ ಕೇರಿಗೆ ಕೊನೆಗೆ? ನಾಳೆ ಬೆಳಿಗ್ಗೆ ಕೊಡ ಹಿಡಿದು ನಿಂತಾಗ ಗಮನಿಸಿ ನೋಡಿ.