ಒಂದು ಅಂಕದ ಪ್ರಶ್ನೆ: ಕವಿರಾಜಮಾರ್ಗದ ಕರ್ತೃ ಯಾರು?

ಕಳೆದ ತಿಂಗಳು ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಮಾತನಾಡುತ್ತ, “ಮಾವ, ಇಲ್ಲಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ರಸಪ್ರಶ್ನೆ ಇಟ್ಟಿದ್ದೇವೆ. ಕವಿರಾಜಮಾರ್ಗ ಬರೆದವರು ಯಾರು ಅಂತ ಕೇಳಬೇಕು. ಒಂದು ಪುಸ್ತಕದಲ್ಲಿ ನೃಪತುಂಗ ಅಂತಿದೆ, ಇನ್ನೊಂದರಲ್ಲಿ ಶ್ರೀವಿಜಯ ಅಂತಿದೆ. ಯಾವುದಕ್ಕೆ ಸರಿ ಹಾಕಲಿ?” ಎಂದು ಕೇಳಿದಳು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದು ತಡವರಿಸಬೇಕಾದ ಪ್ರಶ್ನೆಯಲ್ಲ. ಆದರೂ ತಡವರಿಸಿದೆ. “ನಾಳೆ ಹೇಳುತ್ತೇನಮ್ಮ” ಎಂದು ಫೋನು ಇಟ್ಟೆ. ಕಾರಣವೇನೆಂದರೆ, ಇದೇ ಪ್ರಶ್ನೆಗೆ ಒಮ್ಮೆ ನಾನು ಥಟ್ಟನೆ ತೀರ್ಪು ಕೊಟ್ಟು ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ್ದೇನೆ.

ಅದು ಎಂಬತ್ತರ ದಶಕದ ಮಾತು. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಈ ಪ್ರಶ್ನೆಯನ್ನು ಕೇಳಿದ್ದೆ. ನಾನು ಪಾಠದಲ್ಲಿ ಹೇಳಿಕೊಟ್ಟಿದ್ದ ಉತ್ತರ ‘ನೃಪತುಂಗ’. ತರಗತಿಯಲ್ಲಿ ಒಬ್ಬನೇ ಒಬ್ಬ ‘ಶ್ರೀವಿಜಯ’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಉತ್ತರಪತ್ರಿಕೆ ಹಂಚಿದ ದಿನ ಆತ ಎದ್ದು ನಿಂತು, “ಸಾರ್, ಇದು ಸರಿ ಅಂತ ನಮ್ಮ ತಾತ ಹೇಳಿದರು” ಎಂದ. ನಾನು, “ಹಾಗಾದರೆ ಮುಂದಿನ ಪರೀಕ್ಷೆಗೆ ನಿಮ್ಮ ತಾತನನ್ನೇ ಕೂರಿಸು” ಎಂದೆ. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಹುಡುಗ ಕುಳಿತುಕೊಂಡ. ಆಮೇಲೆ ಎರಡು ವರ್ಷ ನನ್ನ ತರಗತಿಯಲ್ಲಿದ್ದರೂ ಆತ ಮತ್ತೆಂದೂ ಎದ್ದು ಪ್ರಶ್ನೆ ಕೇಳಲಿಲ್ಲ. ಅದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಈ ಲೇಖನ ಆ ಪ್ರಶ್ನೆಯ ಕುರಿತಾದುದು. ಉತ್ತರಕ್ಕಿಂತ ಹೆಚ್ಚಾಗಿ, ಉತ್ತರವನ್ನು ಒಪ್ಪುವ ಮುನ್ನ ನಾವು ಮಾಡಬೇಕಾದ ವಿಚಾರಣೆಯ ಕುರಿತಾದುದು.

ಮೊದಲು ನಿರ್ವಿವಾದವಾದ ಸಂಗತಿಗಳನ್ನು ಹೇಳಿಬಿಡುತ್ತೇನೆ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ಕವಿರಾಜಮಾರ್ಗ. ಕಾಲ ಸುಮಾರು ಕ್ರಿ.ಶ. 850. ಮೂರು ಪರಿಚ್ಛೇದಗಳ ಅಲಂಕಾರಗ್ರಂಥ. ಕಾವ್ಯದ ದೋಷಗಳು, ಶಬ್ದಾಲಂಕಾರ, ಅರ್ಥಾಲಂಕಾರ ಇದರ ವಿಷಯ. ದಂಡಿಯ ಕಾವ್ಯಾದರ್ಶದ ಋಣ ಇದರ ಮೇಲೆ ಬಹಳವಾಗಿದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತೆಂದು ನಾವೆಲ್ಲ ಹೆಮ್ಮೆಯಿಂದ ಹೇಳುವ ಮಾತಿಗೆ ಆಧಾರ ಈ ಗ್ರಂಥವೇ. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, 814ರಿಂದ ಸುಮಾರು 878ರವರೆಗೆ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ನೃಪತುಂಗ, ಅತಿಶಯಧವಳ ಎಂಬ ಬಿರುದುಗಳಿದ್ದವು. ಇವೆರಡೂ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತವೆ. 1898ರಲ್ಲಿ ಕೆ.ಬಿ. ಪಾಠಕರು ಈ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದಾಗ ಅದು ನೃಪತುಂಗನ ಕವಿರಾಜಮಾರ್ಗವೆಂದೇ ಪ್ರಕಟವಾಯಿತು. ಪಠ್ಯಪುಸ್ತಕಗಳು ಬಹುಕಾಲ ಅದನ್ನೇ ಹೇಳುತ್ತ ಬಂದವು. ನಾನೂ ಹೇಳಿದೆ.

ಇನ್ನು ವಾದಗಳಿಗೆ ಬರೋಣ. ವಾದವನ್ನು ತೂಗಿ ನೋಡುವ ತಕ್ಕಡಿ ನಮ್ಮಲ್ಲಿ ಹಳೆಯದು. ಗೌತಮನ ನ್ಯಾಯಸೂತ್ರಗಳು ಒಂದು ಅನುಮಾನಕ್ಕೆ ಐದು ಅವಯವಗಳನ್ನು ಹೇಳುತ್ತವೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇರುವಂತೆ, ಈ ಬೆಟ್ಟದಲ್ಲೂ ಅಂಥದೇ ಹೊಗೆಯಿದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಇಷ್ಟೇ. ಇದರಲ್ಲಿ ಪ್ರಾಣವಾಯು ಹೇತು. ನೋಡಲು ಹೇತುವಿನಂತೆ ಕಂಡು, ಪರೀಕ್ಷಿಸಿದರೆ ಹೇತುವಲ್ಲದ್ದನ್ನು ಹೇತ್ವಾಭಾಸ ಎನ್ನುತ್ತಾರೆ. ಅವೂ ಐದು. ನಂತರದ ನೈಯಾಯಿಕರು ಬಳಸಿದ ಹೆಸರುಗಳಲ್ಲಿ ಹೇಳುವುದಾದರೆ, ಅನೈಕಾಂತಿಕ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತ. ಹೆಸರುಗಳಿಗೆ ಹೆದರಬೇಡಿ; ಒಂದೊಂದಕ್ಕೂ ನಮ್ಮ ಪ್ರಶ್ನೆಯಲ್ಲೇ ಉದಾಹರಣೆ ಸಿಗುತ್ತದೆ.

ಮೊದಲನೆಯದು ಅನೈಕಾಂತಿಕ. ಹೇತು ಇದ್ದೂ ಸಾಧ್ಯ ಇಲ್ಲದಿರುವ ಸಂದರ್ಭ ಒಂದೇ ಒಂದು ಸಿಕ್ಕರೂ ಆ ಹೇತು ಕೆಟ್ಟಿತು. ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಈಗ ನೋಡಿ: “ಗ್ರಂಥದ ತುಂಬ ನೃಪತುಂಗನ ಹೆಸರಿದೆ, ಆದ್ದರಿಂದ ಕರ್ತೃ ನೃಪತುಂಗ.” ಪಂಪನ ವಿಕ್ರಮಾರ್ಜುನವಿಜಯದಲ್ಲಿ ಅರಿಕೇಸರಿ ಎಲ್ಲೆಲ್ಲೂ ಇದ್ದಾನೆ, ಕಥಾನಾಯಕ ಅರ್ಜುನನೇ ಅರಿಕೇಸರಿಯಾಗಿದ್ದಾನೆ. ಹಾಗೆಂದು ಅರಿಕೇಸರಿ ಕಾವ್ಯ ಬರೆದನೆಂದು ಯಾರೂ ಹೇಳುವುದಿಲ್ಲ. ಆಶ್ರಯದಾತನ ಹೆಸರೂ ಕಾವ್ಯದ ತುಂಬ ಇರಬಹುದು.

ಎದುರು ಪಕ್ಷದವರೂ ಇದೇ ತಪ್ಪನ್ನು ಮಾಡುತ್ತಾರೆ. “ಅರಸರಿಗೆ ಬರೆಯಲು ಪುರುಸೊತ್ತೆಲ್ಲಿ? ಆದ್ದರಿಂದ ನೃಪತುಂಗ ಬರೆದಿಲ್ಲ.” ಪಲ್ಲವರ ಮಹೇಂದ್ರವರ್ಮ ಮತ್ತವಿಲಾಸ ಪ್ರಹಸನ ಬರೆದ, ಹರ್ಷನ ಹೆಸರಿನಲ್ಲಿ ಮೂರು ಸಂಸ್ಕೃತ ನಾಟಕಗಳಿವೆ. ಅಮೋಘವರ್ಷನಿಗೇ ಪ್ರಶ್ನೋತ್ತರರತ್ನಮಾಲಿಕೆ ಎಂಬ ಸಂಸ್ಕೃತ ಕೃತಿಯನ್ನು ಆರೋಪಿಸುವ ಸಂಪ್ರದಾಯವಿದೆ. “ಗ್ರಂಥದಲ್ಲಿ ಅರಸನನ್ನು ಪ್ರಥಮಪುರುಷದಲ್ಲಿ ಹೇಳಿದೆ, ಆದ್ದರಿಂದ ಬೇರೊಬ್ಬರು ಬರೆದರು” ಎಂಬುದೂ ಹೀಗೆಯೇ. ನಮ್ಮ ಹಳೆಯ ಕವಿಗಳು ತಮ್ಮನ್ನು ತಾವು ಪ್ರಥಮಪುರುಷದಲ್ಲಿ ಹೊಗಳಿಕೊಳ್ಳುವುದು ಅಪರೂಪವಲ್ಲ. ನಾವು ಒಪ್ಪುವ ತೀರ್ಮಾನಕ್ಕೆ ನೆರವಾಗುತ್ತದೆಂಬ ಕಾರಣಕ್ಕೆ ಕೆಟ್ಟ ಹೇತು ಒಳ್ಳೆಯದಾಗುವುದಿಲ್ಲ. ಈ ಮಾತನ್ನು ನಾನು ಕಲಿಯಲು ಬಹಳ ಕಾಲ ಬೇಕಾಯಿತು.

ಎರಡನೆಯದು ವಿರುದ್ಧ, ತಾನು ಸಾಧಿಸಹೊರಟಿದ್ದರ ವಿರುದ್ಧವನ್ನೇ ಸಾಧಿಸುವ ಹೇತು. ಪರಿಚ್ಛೇದಗಳ ಕೊನೆಯಲ್ಲಿ ಗ್ರಂಥವನ್ನು ‘ನೃಪತುಂಗದೇವಾನುಮತ’ವಾದ ಕವಿರಾಜಮಾರ್ಗವೆಂದು ಕರೆದಿದೆ. ನೃಪತುಂಗನ ಹೆಸರು ಸಮಾಪ್ತಿಯಲ್ಲೇ ಇದೆ, ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ. ಆದರೆ ‘ಅನುಮತ’ ಎಂಬ ಪದವನ್ನು ನಿಧಾನವಾಗಿ ಓದಿ. ಹೆಡ್‌ಮಾಸ್ಟರರು ಅನುಮತಿ ಕೊಟ್ಟ ಅರ್ಜಿಯನ್ನು ಬರೆದವರು ಹೆಡ್‌ಮಾಸ್ಟರರಲ್ಲ. ಅನುಮತಿಸುವವನು ಒಬ್ಬ, ಅನುಮತಿ ಪಡೆದು ಮಾಡುವವನು ಇನ್ನೊಬ್ಬ. ಅರಸನ ಪರವಾಗಿ ನಿಲ್ಲಿಸಿದ ಸಾಕ್ಷಿ ಅರಸನ ವಿರುದ್ಧವೇ ನುಡಿಯಿತು! ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ‘ಅನುಮತ’ಕ್ಕೆ ‘ಸಮ್ಮತವಾದ ಅಭಿಪ್ರಾಯ’ ಎಂಬ ಅರ್ಥವೂ ಹೊಂದುತ್ತದೆ. ಆಗ ‘ನೃಪತುಂಗನ ಮತವಾದ ಮಾರ್ಗ’ ಎಂದಾಗುತ್ತದೆ. ಹಾಗೆ ತೆಗೆದುಕೊಂಡರೂ ಮತ ಅರಸನದು, ಮಾತು ಇನ್ನೊಬ್ಬನದು ಎಂಬ ಸಾಧ್ಯತೆ ಅಳಿಯುವುದಿಲ್ಲ.

ಮೂರನೆಯದು ಸತ್ಪ್ರತಿಪಕ್ಷ, ಸರಿಸಮನಾದ ಹೇತು ಎದುರಿಗೂ ನಿಂತಿರುವುದು. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನ ಬರೆದ ಭಟ್ಟಾಕಳಂಕ ಈ ಗ್ರಂಥವನ್ನು ನೃಪತುಂಗನ ಹೆಸರಿನಲ್ಲಿ ಕಾಣುತ್ತಾನೆ. ಸುಮಾರು 1031ರಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಶ್ರೀವಿಜಯರ ‘ಕವಿಮಾರ್ಗ’ವನ್ನು ಹೊಗಳುತ್ತಾನೆ. ಇಬ್ಬರೂ ಬಲ್ಲವರು. ಒಬ್ಬರ ಮಾತನ್ನು ಹಿಡಿದು ಇನ್ನೊಬ್ಬರನ್ನು ಮರೆಯುವುದು ವಾದವಲ್ಲ, ಪಕ್ಷಪಾತ. ಹಾಗಾದರೆ ತೂಗುವುದು ಹೇಗೆ? ಕಾಲವನ್ನು ನೋಡಬೇಕು. ದುರ್ಗಸಿಂಹ ಗ್ರಂಥರಚನೆಯ ಕಾಲಕ್ಕೆ ಎರಡು ಶತಮಾನಗಳಷ್ಟು ದೂರ. ಭಟ್ಟಾಕಳಂಕ ಏಳೂವರೆ ಶತಮಾನಗಳಷ್ಟು. ಹತ್ತಿರದವನ ಮಾತಿಗೆ ತೂಕ ಹೆಚ್ಚು. ಆದರೆ ತೂಕ ಹೆಚ್ಚೆಂದ ಮಾತ್ರಕ್ಕೆ ತೀರ್ಪು ಆದಂತಲ್ಲ. ಏಕೆಂದರೆ ಮುಂದಿನ ಆಭಾಸ ಅಲ್ಲಿಯೇ ಕಾದಿದೆ.

ನಾಲ್ಕನೆಯದು ಅಸಿದ್ಧ, ಹೇತುವೇ ಇನ್ನೂ ಸಿದ್ಧವಾಗಿಲ್ಲದಿರುವುದು. ದೂರದಲ್ಲಿ ಕಾಣುವುದು ಹೊಗೆಯೋ ಮಂಜೋ ಎಂಬುದೇ ತಿಳಿಯದಿದ್ದರೆ ಬೆಂಕಿಯ ಮಾತೆಲ್ಲಿ? ದುರ್ಗಸಿಂಹ ಹೇಳಿದ ‘ಕವಿಮಾರ್ಗ’ವೂ ನಮ್ಮ ಕೈಯಲ್ಲಿರುವ ‘ಕವಿರಾಜಮಾರ್ಗ’ವೂ ಒಂದೇ ಎಂಬುದನ್ನು ಮೊದಲು ಸ್ಥಾಪಿಸಬೇಕು. ಬಹಳ ಮಟ್ಟಿಗೆ ಒಂದೇ ಇರಬೇಕೆಂದು ತೋರುತ್ತದೆ; ಆದರೆ ತೋರುವುದು ಬೇರೆ, ಸಿದ್ಧವಾಗುವುದು ಬೇರೆ. ಹಾಗೆಯೇ ಗ್ರಂಥದ ಕೊನೆಯ ಭಾಗದಲ್ಲಿ ‘ಶ್ರೀವಿಜಯ’ ಎಂಬ ಪದ ಬರುತ್ತದೆ. ಅದು ಕವಿಯ ಅಂಕಿತವೋ, ‘ಶ್ರೀ’ ಮತ್ತು ‘ವಿಜಯ’ ಎಂಬ ಎರಡು ಮಂಗಳಪದಗಳೋ? ಎರಡು ರೀತಿಯಲ್ಲೂ ಅರ್ಥ ಹೇಳಬಹುದು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಶ್ರೀವಿಜಯನ ಹೆಸರು ಹೇಳಿದ್ದಾನೆಂದು ಕೆಲವರು ಸಾಕ್ಷಿ ಕೊಡುತ್ತಾರೆ. ಅವನು ಹೇಳಿರುವುದು ಪ್ರಮಾಣರಾದ ಕವಿಗಳ ಪಟ್ಟಿಯಲ್ಲಿ. ಶ್ರೀವಿಜಯನೆಂಬ ಕವಿ ಇದ್ದನೆಂಬುದಕ್ಕೆ ಅದು ಆಧಾರ, ಈ ಗ್ರಂಥವನ್ನು ಆತ ಬರೆದನೆಂಬುದಕ್ಕಲ್ಲ.

ಇನ್ನೊಂದು ತೊಡಕು. ಕವಿರಾಜಮಾರ್ಗವೇ ಕನ್ನಡದ ಪದ್ಯಕವಿಗಳನ್ನು ಹೆಸರಿಸುವಾಗ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಎನ್ನುತ್ತದೆ. ಗ್ರಂಥಕರ್ತೃ ಶ್ರೀವಿಜಯನೇ ಆದರೆ ತನ್ನನ್ನು ತಾನೇ ಪಟ್ಟಿಯ ಮೊದಲಿಗೆ ಸೇರಿಸಿಕೊಂಡನೇ? ಅಥವಾ ಶ್ರೀವಿಜಯರು ಇಬ್ಬರೇ? ಶ್ರೀವಿಜಯಪಕ್ಷದವರು ಉತ್ತರ ಹೇಳಬೇಕಾದ ಪ್ರಶ್ನೆಯಿದು. ಉತ್ತರಗಳನ್ನು ಹೇಳಿಯೂ ಇದ್ದಾರೆ. ಆದರೆ ಪ್ರಶ್ನೆ ಇಲ್ಲವೆಂಬಂತೆ ನಟಿಸಬಾರದು.

ಐದನೆಯದು ಬಾಧಿತ, ಬಲವಾದ ಪ್ರಮಾಣದಿಂದ ಮೊದಲೇ ಸುಳ್ಳಾಗಿರುವುದು. “ಕವಿರಾಜಮಾರ್ಗ ದೊರೆತಿರುವ ಮೊದಲ ಗ್ರಂಥ, ಆದ್ದರಿಂದ ಕನ್ನಡದಲ್ಲಿ ರಚಿತವಾದ ಮೊದಲ ಗ್ರಂಥ” ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನೂ ಪದ್ಯದಲ್ಲಿ ಮೇಲಿನವರನ್ನೂ ಆ ಗ್ರಂಥವೇ ಹೆಸರಿಸುವಾಗ ಈ ಮಾತು ನಿಲ್ಲುವುದು ಹೇಗೆ? ಉಳಿದು ಬಂದದ್ದೇ ಬೇರೆ, ಇದ್ದದ್ದೇ ಬೇರೆ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವುದೇನು? ನನ್ನ ಮಟ್ಟಿಗೆ ‘ಅನುಮತ’ ಎಂಬ ಪದ, ದುರ್ಗಸಿಂಹನ ಮಾತು, ಗ್ರಂಥದ ಮೊದಲ ಪದ್ಯದಲ್ಲೇ ವಿಷ್ಣುವಿನೊಡನೆ ಹೆಣೆದುಕೊಂಡಿರುವ ನೃಪತುಂಗನ ಸ್ತುತಿ, ಇವು ಮೂರೂ ಒಟ್ಟಾಗಿ ಒಂದೇ ಕಡೆಗೆ ವಾಲುತ್ತವೆ: ನೃಪತುಂಗನ ಆಸ್ಥಾನದಲ್ಲಿ, ಅವನ ಒಪ್ಪಿಗೆಯಿಂದ, ಬಹುಶಃ ಅವನ ಅಭಿಪ್ರಾಯಗಳನ್ನೇ ಹಿಡಿದು, ಶ್ರೀವಿಜಯನು ಇದನ್ನು ರಚಿಸಿದ. ಎಂ.ವಿ. ಸೀತಾರಾಮಯ್ಯನವರಂಥ ವಿದ್ವಾಂಸರು ಈ ನಿಲುವನ್ನು ತಳೆದರು. ಇಂದು ಹೆಚ್ಚಿನವರು ಒಪ್ಪುವುದೂ ಇದನ್ನೇ. ಒಂದೊಂದು ಎಳೆಯೂ ತನ್ನಷ್ಟಕ್ಕೆ ತೆಳುವಾದರೂ ಹೊಸೆದರೆ ಹಗ್ಗವಾಗುತ್ತದೆ. ಆದರೆ ಅದು ಕಬ್ಬಿಣದ ಸರಪಳಿಯಲ್ಲ. ನಾಳೆ ಒಂದು ಶಾಸನವೋ ಓಲೆಗರಿಯೋ ಸಿಕ್ಕಿದರೆ ಬದಲಾಗಲು ಸಿದ್ಧವಾಗಿರಬೇಕು.

ಮತ್ತೆ ನನ್ನ ಹುಡುಗನ ಕಡೆಗೆ ಬರುತ್ತೇನೆ. ಈ ವಿಷಯವನ್ನು ನಾನು ಸರಿಯಾಗಿ ಓದಿಕೊಂಡದ್ದು ಆ ಪರೀಕ್ಷೆಯಾಗಿ ಏಳೆಂಟು ವರ್ಷಗಳ ಮೇಲೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಅನ್ನಿಸಿದ್ದು, “ಅವನ ಉತ್ತರ ಸರಿಯಾಗಿತ್ತು, ನನ್ನದು ತಪ್ಪಾಗಿತ್ತು” ಎಂದು. ಇನ್ನಷ್ಟು ಯೋಚಿಸಿದಾಗ ಅದೂ ಪೂರ್ತಿ ಸರಿಯಲ್ಲವೆನಿಸಿತು. ಅವನು “ತಾತ ಹೇಳಿದರು” ಎಂದ. ನಾನು “ಪುಸ್ತಕದಲ್ಲಿದೆ” ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಇಬ್ಬರದೂ ಶಬ್ದಪ್ರಮಾಣವೇ. ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪುತ್ತಾರೆ, ಆದರೆ ಹೇಳಿದವನು ಆಪ್ತನಾಗಿರಬೇಕು. ಎಂದರೆ ವಿಷಯವನ್ನು ಬಲ್ಲವನೂ ಬಲ್ಲದ್ದನ್ನು ಬಲ್ಲಂತೆ ಹೇಳುವವನೂ ಆಗಿರಬೇಕು. ಹುಡುಗನ ತಾತ ಹಳಗನ್ನಡ ಬಲ್ಲವರೆಂದು ನನಗೆ ಆಮೇಲೆ ತಿಳಿಯಿತು. ಆ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: “ಹೌದೇನಪ್ಪ? ತಾತ ಯಾವ ಆಧಾರದ ಮೇಲೆ ಹೇಳಿದರು, ಕೇಳಿಕೊಂಡು ಬಾ.” ಅದನ್ನು ಕೇಳಿದ್ದರೆ ಹುಡುಗ ಮರುದಿನ ‘ಅನುಮತ’ ಎಂಬ ಪದವನ್ನು ಹಿಡಿದುಕೊಂಡು ಬರುತ್ತಿದ್ದನೋ ಏನೋ. ನಲವತ್ತು ಮಕ್ಕಳು ಆ ಪದವನ್ನು ನಿಧಾನವಾಗಿ ಓದುತ್ತಿದ್ದರು.

ಅದರ ಬದಲು ನಾನು ನಗೆಯನ್ನು ಬಳಸಿದೆ. ಗೌತಮ ಚರ್ಚೆಯನ್ನು ಮೂರು ಬಗೆಯೆಂದು ವಿಂಗಡಿಸುತ್ತಾನೆ. ಸತ್ಯವನ್ನು ತಿಳಿಯಲು ನಡೆಸುವುದು ವಾದ. ಗೆಲ್ಲುವುದಕ್ಕಾಗಿ ನಡೆಸುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡಹುವುದಷ್ಟೇ ವಿತಂಡೆ. ನಮ್ಮ ಮನೆಗಳಲ್ಲಿ ಪ್ರಶ್ನೆ ಕೇಳುವ ಮಕ್ಕಳಿಗೆ “ವಿತಂಡವಾದ ಮಾಡಬೇಡ” ಎಂದು ಗದರಿಸುವುದುಂಟು. ಆ ದಿನ ವಿತಂಡೆ ಮಾಡಿದವನು ಮೇಷ್ಟರು, ಹುಡುಗನಲ್ಲ.

ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾನು ಆ ಪ್ರಶ್ನೆಯನ್ನು ಬದಲಾಯಿಸಿ ಕೇಳುತ್ತಿದ್ದೆ: ‘ಕವಿರಾಜಮಾರ್ಗದ ಕರ್ತೃ ನೃಪತುಂಗ ಎನ್ನುವವರ ಒಂದು ಆಧಾರವನ್ನೂ ಶ್ರೀವಿಜಯ ಎನ್ನುವವರ ಒಂದು ಆಧಾರವನ್ನೂ ಬರೆದು, ನಿಮಗೆ ಯಾವುದು ಬಲವಾಗಿ ತೋರುತ್ತದೆ, ಏಕೆ ಎಂಬುದನ್ನು ಹೇಳಿರಿ.’ ನಾಲ್ಕು ಅಂಕ. ಹೆಸರಿಗೆ ಅಂಕವಿಲ್ಲ, ಕಾರಣಕ್ಕೆ ಮಾತ್ರ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಆ ಪ್ರಶ್ನೆಯನ್ನು ಶಪಿಸುತ್ತ ಉತ್ತರ ಬರೆದದ್ದು ನನಗೆ ನೆನಪಿದೆ.

ತಂಗಿಯ ಮಗಳಿಗೆ ಮರುದಿನ ಫೋನು ಮಾಡಿ, “ಎರಡು ಹೆಸರನ್ನೂ ಮಕ್ಕಳಿಗೆ ಹೇಳಮ್ಮ. ‘ಅನುಮತ’ ಎಂದರೇನು ಅಂತ ಕೇಳು. ಉತ್ತರ ಅವರೇ ಹುಡುಕಲಿ” ಎಂದೆ. “ಮಾವ, ರಸಪ್ರಶ್ನೆಗೆ ಅಷ್ಟು ಹೊತ್ತು ಎಲ್ಲಿದೆ?” ಎಂದು ನಕ್ಕಳು. ಆದರೂ ಕೇಳಿದಳಂತೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು, “ಪರ್ಮಿಷನ್ ಕೊಟ್ಟವರು ಬೇರೆ, ಬರೆದವರು ಬೇರೆ ಅಲ್ಲವಾ ಆಂಟಿ?” ಎಂದಳಂತೆ.

ಆ ಹಳೆಯ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಈ ಪುಟ ಅವನ ಕಣ್ಣಿಗೆ ಬಿದ್ದರೆ ಇಷ್ಟು ತಿಳಿಯಲಿ: ಅಂಕಪಟ್ಟಿ ತಿದ್ದುವ ಅಧಿಕಾರ ಈಗ ನನಗಿಲ್ಲ; ಆದರೆ ನಲವತ್ತು ಜನರೆದುರು ಆಡಿದ ಮಾತನ್ನು ನಿಮ್ಮೆಲ್ಲರೆದುರು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಈ ಲೇಖನದ ತರ್ಕದಲ್ಲಿ ದೋಷ ಕಂಡರೆ ಯಾರಾದರೂ ಸರಿ, ಎದ್ದು ನಿಂತು ಹೇಳಿ. ಈ ಸಲ ಯಾರೂ ನಗುವುದಿಲ್ಲ.