ಮೂರನೆಯವನ ಒಂದು ಸಾಲು

ಹೋದ ತಿಂಗಳು ಊರಿಗೆ, ಅಂದರೆ ನಮ್ಮ ವಾಡಿಗೆ, ಹೋದಾಗ ನನ್ನ ಮೂಡ್ ಸರಿ ಇರಲಿಲ್ಲ. ಎಂಟು ತಿಂಗಳು ಕೂತು ಬರೆದ ಕೋಡ್ ರಿಲೀಸ್ ಆಗಿತ್ತು. ಅಭಿನಂದನೆಯ ಮೇಲ್‌ನಲ್ಲಿ ನನ್ನ ಹೆಸರೇ ಇಲ್ಲ! ತಪ್ಪು ಸಿಕ್ಕಾಗ ಮಾತ್ರ ಹೆಸರು ಹಿಡಿದು ಕರೆದಿದ್ದರು. ಪಕ್ಕದ ಮನೆಯ ಕಾಕಾ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಕೂತು ನನ್ನ ಗೋಳೆಲ್ಲ ಕೇಳಿ, ಒಳಗಿಂದ ತಮ್ಮ ಹಳೆಯ ಕನ್ನಡ ಬೈಬಲ್ ತಂದರು. "ಇದೊಂದ್ ಸಾಲ್ ಓದು ತಮ್ಮಾ" ಅಂತ ಬೆರಳಿಟ್ಟು ತೋರಿಸಿದರು.

ಅದು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ, 22ನೇ ವಚನ. ಪತ್ರ ಪೌಲನದು ಅಂತ ಎಲ್ಲರಿಗೂ ಗೊತ್ತು. ಸುಮಾರು ಕ್ರಿ.ಶ. 57ರಲ್ಲಿ ಕೊರಿಂಥದಲ್ಲಿ ಬರೆಸಿದ್ದು, ಗ್ರೀಕ್‌ನಲ್ಲಿ ಹತ್ತಿರ ಹತ್ತಿರ 7,000 ಪದ. ಆದರೆ ಪೌಲ ಹೇಳುತ್ತಾ ಹೋದ, ಬರೆದ ಕೈ ಇನ್ನೊಬ್ಬನದು. ಆ ಇನ್ನೊಬ್ಬ ಕೊನೆಯಲ್ಲಿ ಪೌಲನ ಮಾತಿನ ನಡುವೆಯೇ ತಲೆ ಎತ್ತುತ್ತಾನೆ. ಬರೆದವನು ತಾನು ಎಂದು ಹೆಸರು ಹೇಳಿ, ಓದುವವರಿಗೆ ವಂದನೆ ತಿಳಿಸಿ ಸುಮ್ಮನಾಗುತ್ತಾನೆ. ಹೆಸರು ತೆರ್ತ್ಯ. ಲ್ಯಾಟಿನ್‌ನಲ್ಲಿ ಹಾಗೆಂದರೆ 'ಮೂರನೆಯವನು', ಅಷ್ಟೇ. ಬೈಬಲ್‌ನಲ್ಲಿ ಮತ್ತೆಲ್ಲೂ ಅವನ ಸುಳಿವಿಲ್ಲ.

ಓದುತ್ತಿದ್ದಂತೆ ನಮ್ಮ ಕಡೆಯ ಕಲ್ಲುಗಳು ನೆನಪಾದವು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವಿಯ ವಿಗ್ರಹ ನಿಲ್ಲಿಸಿದ್ದ ಚಪ್ಪಡಿಯೇ ಅಶೋಕನ ಶಾಸನ ಅಂತ 1980ರ ದಶಕದಲ್ಲಿ ತಿಳಿಯಿತು. ಅಶೋಕನ 14ನೇ ಶಾಸನದ ಭಾಗವೂ ಆ ಕಲ್ಲಿನಲ್ಲಿದೆ. ಬರಹದಲ್ಲಿ ಎಲ್ಲಾದರೂ ಕೊರತೆ ಕಂಡರೆ ಅದು ಲಿಪಿಕಾರನ ತಪ್ಪೂ ಇರಬಹುದು ಎನ್ನುವ ಶಾಸನವದು. ನೋಡಿ, ಅಲ್ಲೂ ಬರೆಯುವವನು ನೆನಪಾಗುವುದು ತಪ್ಪಾದಾಗಲೇ! ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಥೆ ಉಲ್ಟಾ. ಅಲ್ಲಿ ಅಶೋಕನ ಸ್ವಂತ ಹೆಸರಿಲ್ಲ, 'ದೇವಾನಾಂಪಿಯ' ಎಂಬ ಬಿರುದಷ್ಟೇ ಇದೆ. ಲಿಪಿಕಾರ ಚಪಡನ ಹೆಸರು ಮಾತ್ರ ಬಂಡೆಯ ಮೇಲೆ ಇವತ್ತಿಗೂ ಇದೆ.

ಸೇಡಂ ತಾಲೂಕಿನ ಮಳಖೇಡವನ್ನು ಮರೆಯಲಾದೀತೇ? ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೇ ಶತಮಾನದ 'ಕವಿರಾಜಮಾರ್ಗ'ವನ್ನು ಬರೆದವನು ದೊರೆ ನೃಪತುಂಗ ಅಂತಲೇ ಬಹುಕಾಲ ಹೇಳುತ್ತಿದ್ದರು. ಅದು ಅವನ ಆಸ್ಥಾನದ ಶ್ರೀವಿಜಯನ ಕೃತಿ ಅಂತ ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಸಾವಿರ ವರ್ಷ ತಡವಾಗಿ ಸಿಕ್ಕ ಕ್ರೆಡಿಟ್!

ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, "ಪೌಲ ಬ್ಯಾಡ ಅಂದಿದ್ರ ಆ ಸಾಲ್ ಉಳೀತಿತ್ತೇನು?" ಅಂದರು.

ಆ ಮಾತು ಚುಚ್ಚಿತು. ತೆರ್ತ್ಯ ಜಗಳ ಮಾಡಲಿಲ್ಲ, ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. ಪೌಲ ಅವನಿಗೆ ಒಂದು ಸಾಲಿನ ಜಾಗ ಬಿಟ್ಟ. ಆಮೇಲೆ ನಕಲು ಮಾಡಿದವರೂ ಅದನ್ನು ಉಳಿಸಿಕೊಂಡರು. ರಾತ್ರಿ ನನ್ನದೇ ಹಳೆಯ ಮೇಲ್ ಒಂದನ್ನು ತೆಗೆದು ನೋಡಿದೆ. ಹೋದ ವರ್ಷ ಇನ್ನೊಂದು ರಿಲೀಸ್‌ಗೆ ಸೇರಿ ಎರಡೇ ತಿಂಗಳಾಗಿದ್ದ ಹುಡುಗನೊಬ್ಬ ನಿದ್ದೆಗೆಟ್ಟು ಟೆಸ್ಟಿಂಗ್ ಮಾಡಿದ್ದ. ಎಲ್ಲರಿಗೂ ಥ್ಯಾಂಕ್ಸ್ ಹೇಳಿದ್ದ ನಾನು ಅವನ ಹೆಸರನ್ನೇ ಬಿಟ್ಟಿದ್ದೆ.

ಬೆಳಿಗ್ಗೆ ಎದ್ದು ಮೊದಲು ಆ ಮೇಲ್‌ಗೆ ಒಂದು ಸಾಲು ಸೇರಿಸಿ ಎಲ್ಲರಿಗೂ ಮತ್ತೆ ಕಳಿಸಿದೆ. ನನ್ನ ಹೆಸರಿನ ಬಗ್ಗೆ ಇನ್ನೂ ಕೇಳಿಲ್ಲ. ಕೇಳುತ್ತೇನೆ, ತೆರ್ತ್ಯನ ಹಾಗೆ ಒಂದೇ ಸಾಲಿನಲ್ಲಿ.