ಸ್ನಾಯು ಉಳಿಸುವ ಔಷಧ, ಬೂಷ್ಟಿಗೆ ತೆರೆದ ಬಾಗಿಲು

ಹಾನಗಲ್ಲಿನ ಭತ್ತದ ಹುಲ್ಲಿನ ಬಣವೆ, ಹಿರೇಕೆರೂರಿನ ಗೋವಿನಜೋಳದ ರಾಶಿ, ಶಿಗ್ಗಾವಿ, ಸವಣೂರು ಕಡೆಯ ಹೊಟ್ಟಿನ ಕೋಣೆ, ಯಾವುದಕ್ಕೇ ಆಗಲಿ ಮಳೆಯ ತಂಪು ತಗುಲಿದರೆ ಬೂಷ್ಟು ಹಿಡಿಯುತ್ತದೆ. ಅದರ ಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ. ದೇಹದ ಕಾವಲು ಸರಿಯಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆ ಕಾವಲೇ ದಾರಿ ತಪ್ಪಿ ಸ್ವಂತ ಸ್ನಾಯುಗಳ ಮೇಲೆ ಎರಗಿದರೆ?

ಕುಕ್ಕರಗಾಲಲ್ಲಿ ಕುಳಿತವರಿಗೆ ಏಳಲಾಗದು, ತಲೆ ಬಾಚಲು ಕೈ ಮೇಲೇಳದು, ಕಣ್ಣರೆಪ್ಪೆಯ ಮೇಲೆ ನೇರಳೆ ಛಾಯೆ. ಈ ರೋಗಕ್ಕೆ ಜರ್ಮನ್ ವೈದ್ಯ ಉನ್‌ಫೆರಿಕ್ಟ್ 1891ರಲ್ಲಿ ‘ಡರ್ಮಟೋಮಯೋಸೈಟಿಸ್’ ಎಂದು ಹೆಸರಿಟ್ಟರು. ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಜಗತ್ತನ್ನು ಬೆರಗುಗೊಳಿಸಿದರು. 1950ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂತು. ಮುಂದೆ ಸ್ನಾಯುರೋಗಿಗಳಿಗೂ ಸ್ಟೀರಾಯ್ಡ್ ಆಸರೆಯಾಯಿತು. ಆದರೆ ಅದು ಕೆಲಸ ಮಾಡುವುದೇ ಕಾವಲನ್ನು ಮಂಕಾಗಿಸಿ!

ಅದೇ 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಹೊಲದ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ನಿಸ್ಟಾಟಿನ್ ಅನ್ನು ಪ್ರಕಟಪಡಿಸಿದರು. ಬಾಯಿಯಲ್ಲಿ ಬಿಳಿ ಪದರ ಕಟ್ಟುವ ಶಿಲೀಂಧ್ರಕ್ಕೆ ಅದು ಮದ್ದು. ಕೆಲವೇ ವರ್ಷಗಳಲ್ಲಿ ವೆನೆಜುವೆಲಾದ ಮಣ್ಣಿನಿಂದ ಆಂಫೋಟೆರಿಸಿನ್-ಬಿ ಬಂತು. ಶ್ವಾಸಕೋಶಕ್ಕೆ ಮುತ್ತುವ ನ್ಯುಮೋಸಿಸ್ಟಿಸ್ ಕೂಡ ಶಿಲೀಂಧ್ರವೇ ಎಂಬುದು ಗೊತ್ತಾದದ್ದು 1988ರಲ್ಲಿ. ಅಪಾಯ ಹೆಚ್ಚಿರುವ ಸ್ನಾಯುರೋಗಿಗಳಿಗೆ ಅದನ್ನು ತಡೆಯಲು ವೈದ್ಯರು ಮುಂಚಿತವಾಗಿಯೇ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಕೊಡುವುದುಂಟು.

ನಮ್ಮ ಸೀಮೆಗೆ ಈ ಪಾಠ ಮುಟ್ಟಿದ್ದು 2021ರಲ್ಲಿ. ಕೋವಿಡ್, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮೂರೂ ಕೂಡಿದಲ್ಲಿ ಕಪ್ಪು ಶಿಲೀಂಧ್ರ ಹೊಕ್ಕಿತು. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ರೋಗಿಗಳು ತುಂಬಿದರು; ದೇಶದಾದ್ಯಂತ ಆಂಫೋಟೆರಿಸಿನ್‌ಗೆ ಕೊರತೆ ಬಿತ್ತು. ಅವರದು ಸ್ನಾಯುರೋಗವಲ್ಲ ನಿಜ, ಆದರೆ ತೆರೆದದ್ದು ಅದೇ ಬಾಗಿಲು.

“ಹಾಗಾದರೆ ಸ್ಟೀರಾಯ್ಡ್ ಬಿಟ್ಟುಬಿಡಲೇ?” ಎಂದು ವೀಕ್ಷಕರು ಕೇಳುವುದುಂಟು. ಬೇಡ. ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಹೇಳದೆ ಅಂಗಡಿಯಿಂದ ತಂದು ನುಂಗುವುದೂ ಅಷ್ಟೇ ಕೆಟ್ಟದ್ದು. ಜ್ವರ, ಒಣಕೆಮ್ಮು, ಏದುಸಿರು, ನುಂಗುವಾಗ ನೋವು, ಮುಖದ ಒಂದು ಬದಿಯ ಊತ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರ ಬಳಿ ಹೋಗಿ, ತೆಗೆದುಕೊಳ್ಳುತ್ತಿರುವ ಮಾತ್ರೆಯ ಚೀಟಿ ತೋರಿಸಿ. ಬೂಷ್ಟು ಹಿಡಿದ ಬಣವೆ ಕೀಳುವ ಕೆಲಸವನ್ನು ಮನೆಯಲ್ಲಿ ಬೇರೆಯವರು ಮಾಡಲಿ.